ಬಲಗಡೆ ಹೊಡೆದರೆ ತೆಂಗಿನಕಾಯಿ

ನಾನು ಬಸ್ ಕಂಡಕ್ಟರ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಸಾಫ್ಟ್‌ಬಾಲ್ ಕೋಚ್ ಎಂದ ಕೂಡಲೇ ಟ್ರ್ಯಾಕ್‌ಸೂಟ್ ಹಾಕಿಕೊಂಡು, ಕೊರಳಿಗೆ ಸೀಟಿ ನೇತುಹಾಕಿಕೊಂಡು ಇಂಗ್ಲಿಷಿನಲ್ಲಿ ಬೈಯುವ ಯಾರನ್ನೋ ನೀವು ಕಲ್ಪಿಸಿಕೊಳ್ಳುತ್ತೀರಿ. ಸೀಟಿ ನನ್ನ ಹತ್ತಿರವೂ ಇದೆ, ಅದು ಬಸ್ಸಿನದು. ಬೈಗುಳವೂ ಇದೆ, ಅದು ಅಚ್ಚಕನ್ನಡದ್ದು.

ನಮ್ಮ ಬಸ್ಸು ಮಧ್ಯಾಹ್ನ ಸಾಗರ ಬಿಟ್ಟು, ಹೊಸನಗರ ದಾಟಿ, ತೀರ್ಥಹಳ್ಳಿ ರಸ್ತೆಯಿಂದ ಒಳಕ್ಕೆ ತಿರುಗಿ ಒಂದು ಊರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ರಸ್ತೆ ಇಲ್ಲ. ಇದ್ದಿದ್ದರೆ ನಮ್ಮ ಡ್ರೈವರ್ ನಿಂಗಪ್ಪ ಅಲ್ಲಿಗೂ ನುಗ್ಗಿಸುತ್ತಿದ್ದ. ಮೂರೂಮುಕ್ಕಾಲಿಗೆ ತಲುಪಿದರೆ ಐದು ಗಂಟೆಗೆ ವಾಪಸ್ ಹೊರಡಬೇಕು. ಆ ಒಂದೂಕಾಲು ಗಂಟೆ ನಿಂಗಪ್ಪ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಾನೆ, ಮುಂದಿನ ಸೀಟಿನಲ್ಲಿ ನಾನು.

ಸಾಗರದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ನಾನು ಸಾಫ್ಟ್‌ಬಾಲ್ ಆಡಿದ್ದೆ. ಒಂದು ವರ್ಷ ಯೂನಿವರ್ಸಿಟಿ ಟೀಮಿಗೂ ಹೋಗಿ, ಒಂದೇ ಒಂದು ಬಾಲು ಮುಟ್ಟದೆ, ಬೆಂಚು ಬಿಸಿ ಮಾಡಿ ಬಂದಿದ್ದೆ. ಈ ಸಂಗತಿಯನ್ನು ಒಂದು ದಿನ ಬಸ್ಸಿನಲ್ಲಿ ಸ್ವಲ್ಪ ಉಪ್ಪುಖಾರ ಹಚ್ಚಿ ಯಾರಿಗೋ ಹೇಳುತ್ತಿದ್ದೆ. ಕೇಳಿಸಿಕೊಂಡವರು ಆ ಊರಿನ ಹೈಸ್ಕೂಲಿನ ಹೆಡ್‌ಮೇಡಂ ಸುಪ್ರಿಯಾ.

"ಯೋಗರಾಜ್, ನಮ್ಮಲ್ಲಿ ಪಿ.ಟಿ. ಮೇಷ್ಟ್ರು ರಿಟೈರಾಗಿ ಮೂರು ವರ್ಷ ಆಯ್ತು. ಬೇರೆಯವ್ರು ಬಂದಿಲ್ಲ. ಬ್ಯಾಟಿದೆ, ಬಾಲಿದೆ, ಹನ್ನೆರಡು ಹುಡುಗೀರಿದಾರೆ. ನೀವು ನಾಲ್ಕರಿಂದ ಐದರ ತನಕ ಎಂತ ಮಾಡ್ತೀರಿ?"

"ನಿದ್ದೆ ಮಾಡ್ತೀನಿ ಮೇಡಂ."

"ನಾಳೆಯಿಂದ ಮಾಡ್ಬೇಡಿ."

ಹಾಳೂರಿಗೆ ಉಳಿದವನೇ ಗೌಡ. ಹೀಗೆ ನಾನು ಕೋಚ್ ಆದೆ.

ಆ ಹನ್ನೆರಡು ಜನರಲ್ಲಿ ಒಬ್ಬಳು ಬಿಂದುಶ್ರೀ. ಒಂಬತ್ತನೇ ಕ್ಲಾಸು, ಕಡ್ಡಿಯಂಥ ಮೈ, ಗಣಿತದಲ್ಲಿ ಹದಿನೈದು ಅಂಕ ದಾಟಿದ ಇತಿಹಾಸವಿಲ್ಲ. ಆದರೆ ಮೊದಲ ದಿನ ಅವಳ ಮೈಗೆ ಹತ್ತಿರವಾಗಿ ನಾನೊಂದು ಬಾಲು ಹಾಕಿದೆ ನೋಡಿ, ಅದನ್ನು ಎಡಗಡೆಗೆ ಎತ್ತಿ ಬಾರಿಸಿದಳು. ಮೈದಾನ ದಾಟಿ, ರಸ್ತೆಗೆ ಹೋಗಿ, ನಮ್ಮ ಬಸ್ಸಿನ ಕಿಟಕಿ ಗಾಜು ಪುಡಿ. ನಿಂಗಪ್ಪ "ಅಯ್ಯಯ್ಯೋ ಆಕ್ಸಿಡೆಂಟು!" ಎಂದು ಕೂಗುತ್ತಾ ಎದ್ದು ಕೂತ. ಮಾಲೀಕರಿಗೆ ಮಂಗ ಒಡೆಯಿತು ಎಂದು ಹೇಳಿದೆ. ನಮ್ಮ ಕಡೆ ಯಾವ ಅಪವಾದ ಹೊರಿಸಲಿಕ್ಕೂ ಒಂದು ಮಂಗ ಸಿಕ್ಕೇ ಸಿಗುತ್ತದೆ.

"ನೀನು ಜಿಲ್ಲಾ ಟೀಮಿಗೆ ಹೋಗ್ತೀಯ ಕಣೇ," ಎಂದೆ.

"ಹೋದ್ರೆ ಶಿವಮೊಗ್ಗದಲ್ಲಿ ಸ್ಪೋರ್ಟ್ಸ್ ಹಾಸ್ಟೆಲ್ ಸಿಗತ್ತಂತೆ ಹೌದಾ ಸಾರ್?" ಎಂದಳು. "ಈ ವರ್ಷ ಆಗ್ಲಿಲ್ಲ ಅಂದ್ರೆ ಅವ್ವ ಆಟ ಬಂದ್ ಅಂದಿದಾಳೆ. ಮುಂದಿನ್ ವರ್ಷ ಹತ್ತನೇ ಕ್ಲಾಸಲ್ವಾ. ನಂಗೆ ಬೇರೆ ಎಂತದೂ ಬರಲ್ಲ ಸಾರ್, ಇದೊಂದೇ ಬರೋದು."

ಒಂದೇ ಬರೋದು ಎಂದಳಲ್ಲ, ಅದೂ ಅರ್ಧ ಮಾತ್ರ ಎಂದು ಗೊತ್ತಾದದ್ದು ಹೊಸನಗರದ ತಾಲ್ಲೂಕು ಮ್ಯಾಚಿನಲ್ಲಿ. ಎದುರು ಟೀಮಿನ ಪಿಚರ್, ಅಂದರೆ ಬಾಲು ಹಾಕುವ ಹುಡುಗಿ, ಎರಡು ಬಾಲು ಹತ್ತಿರ ಹಾಕಿ ಹೊಡೆಸಿಕೊಂಡಳು, ಮೂರನೆಯದರಿಂದ ಬುದ್ಧಿ ಕಲಿತು ದೂರಕ್ಕೆ ಹಾಕಿದಳು. ಬ್ಯಾಟು ಹಿಡಿದವಳ ಮೈಯಿಂದ ದೂರ, ಅವಳ ಮುಂದೆ ನೆಲಕ್ಕೆ ನೆಟ್ಟ ಹಲಗೆ ಇರುತ್ತದಲ್ಲ, ಆ ಪ್ಲೇಟಿನ ಆಚೆ ಅಂಚಿನ ಮೇಲೆ ಬರುವ ಬಾಲು. ಅದನ್ನೇ ಔಟ್‌ಸೈಡ್ ಬಾಲು ಅನ್ನುವುದು. ಅದು ಬಂದ ತಕ್ಷಣ ನಮ್ಮ ಹುಲಿ ಇಲಿಯಾದಳು. ಬ್ಯಾಟನ್ನು ಎಡಕ್ಕೆ ಎಳೆದು ಗಾಳಿಗೆ ಬೀಸಿದಳು. ಅಲ್ಲಿಂದಾಚೆ ಮೂರು ಸಲ ಆಡಲು ಹೋಗಿ ಮೂರು ಸಲವೂ ಔಟ್.

ಜಿಲ್ಲೆಯ ಆಯ್ಕೆಗಾರರೊಬ್ಬರು ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಎಲ್ಲ ನೋಡುತ್ತಿದ್ದರು. ನನ್ನನ್ನು ಕರೆದು ಹೇಳಿದರು: "ಹುಡುಗಿ ಚಲೋ ಇದಾಳೆ ಕಣ್ರಿ. ಆದ್ರೆ ಅರ್ಧ ಮೈದಾನಕ್ಕೆ ಮಾತ್ರ. ಮೂರು ವಾರ ಬಿಟ್ಟು ತೀರ್ಥಹಳ್ಳಿಲಿ ಸೆಲೆಕ್ಷನ್ ಇದೆ. ಒಬ್ಬೊಬ್ಬರಿಗೆ ಹತ್ತು ಬಾಲು. ಈಕೆಗೆ ಔಟ್‌ಸೈಡೇ ಜಾಸ್ತಿ ಹಾಕಿಸ್ತೀನಿ, ಕಲಿಸ್ಕೊಂಡು ಬನ್ನಿ."

ಔಟ್‌ಸೈಡ್ ಬಾಲು ಹೊಡೆಯುವುದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಮುಂದೆ ಹೋಗಿ ಅದನ್ನು ಹಿಡಿಯಬಾರದು, ಅದೇ ನಮ್ಮ ಹತ್ತಿರ ಬರುವವರೆಗೆ ಕಾಯಬೇಕು. ಎಡ ಭುಜವನ್ನು ಬೇಗ ಹೊರಕ್ಕೆ ತಿರುಗಿಸಬಾರದು. ಹೊಟ್ಟೆಯ ನೇರಕ್ಕೆ ಬಂದ ಮೇಲೆ, ಅದು ಹೊರಟ ದಿಕ್ಕಿಗೇ, ಅಂದರೆ ಬಲಗಡೆಗೆ ಕಳಿಸಬೇಕು. ಅಷ್ಟೇ. ನನ್ನ ಕಸುಬಿನ ಮಾತಿನಲ್ಲೇ ಹೇಳಿದೆ.

"ನೋಡು ಮಾರಾಯ್ತಿ, ಬಾಲು ಅಂದ್ರೆ ಬಸ್ಸು. ಅದು ಸ್ಟಾಪಿಗೆ ಬರೋವರೆಗೂ ನಿಂತ್ಕೋ. ಅರ್ಧ ಕಿಲೋಮೀಟರ್ ಎದುರಿಗೆ ಓಡಿ ಹೋಗಿ ಹತ್ತೋಕೆ ನೋಡ್ತೀಯಲ್ಲ, ಕಾಲು ಮುರಿಯಲ್ವಾ?"

"ಹೌದು ಸಾರ್," ಎನ್ನುತ್ತಿದ್ದಳು. ಮುಂದಿನ ಬಾಲಿಗೆ ಮತ್ತೆ ಎಡಕ್ಕೆ. ಅವಳ ಎಡ ಭುಜಕ್ಕೆ ಹಗ್ಗ ಕಟ್ಟಿ ಹಿಂದಿನಿಂದ ಎಳೆದು ಹಿಡಿದೆ. ಟೈರು ನೇತುಹಾಕಿ ಬಲಗಡೆಗೆ ಹೊಡೆಸಿದೆ. ಟೈರಿಗೆ ಚೆನ್ನಾಗಿಯೇ ಹೊಡೆದಳು. ಬಾಲು ಬಂದರೆ ಅದೇ ರಾಗ ಅದೇ ಹಾಡು. ನನಗೆ ಪಿತ್ತ ನೆತ್ತಿಗೇರಿತು.

"ಕೊಡಿಲ್ಲಿ ಬ್ಯಾಟು!" ಎಂದು ಕಿತ್ತುಕೊಂಡು, ಇನ್ನೊಬ್ಬಳಿಂದ ದೂರಕ್ಕೊಂದು ಬಾಲು ಹಾಕಿಸಿಕೊಂಡು, ಕಾದು, ಬಲಗಡೆಗೆ ಬಾರಿಸಿದೆ. ಅಹಾ! ಹದಿನೈದು ವರ್ಷದ ಮೇಲೆ ಹೊಡೆದ ಹೊಡೆತ. ಮೈದಾನದ ಬಲಕ್ಕೆ ಒಂದು ಮರಗಳ ಗುಂಪಿತ್ತು, ಬಾಲು ಅದರೊಳಗೆ ಹೋಗಿ ಬಿತ್ತು. ಚಪ್ಪಾಳೆ ಬರುತ್ತದೆ ಎಂದು ತಿರುಗಿ ನೋಡಿದರೆ ಹನ್ನೆರಡೂ ಹುಡುಗಿಯರು ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾರೆ.

"ಸಾರ್, ಔಟ್," ಎಂದಿತು ಒಂದು ಸಣ್ಣ ಹುಡುಗಿ.

"ಎಂತ ಔಟು? ಹೋಂ ರನ್ ಅದು!"

"ಚೌಡಿ ಬನ ಸಾರ್ ಅದು. ಬಾಲು ಒಳಗೆ ಹೋದ್ರೆ ಚೌಡೀದು. ಕಾಯಿ ಕೊಡ್ಬೇಕು."

ತರಲು ಹೊರಟವನ ಎರಡೂ ಕೈ ಹಿಡಿದು ಜಗ್ಗಿ ನಿಲ್ಲಿಸಿದರು. ಅಷ್ಟರಲ್ಲಿ ಬನದ ಅಂಚಿನಿಂದ ಮೂಕಮ್ಮ ಎದ್ದು ಬಂದಳು. ಚೌಡಿಯ ಕಲ್ಲಿಗೆ ದೀಪ ಹಚ್ಚುವ ಮುದುಕಿ, ಹೆಸರಿಗೂ ಅವಳ ಬಾಯಿಗೂ ಯಾವ ಸಂಬಂಧವೂ ಇಲ್ಲ. "ಯಾವನೋ ಅದು ನನ್ ತಾಯಿ ತಲೆ ಮ್ಯಾಲೆ ಕಲ್ ಒಗ್ದಂವ?" ಎಂದು ಶುರುಮಾಡಿದವಳು ನನ್ನ ಮೂರು ತಲೆಮಾರನ್ನು ವಿಚಾರಿಸಿದ ಮೇಲೆ ತೀರ್ಪು ಕೊಟ್ಟಳು: ಶುಕ್ರವಾರ ಮಿಂದು ಬಂದು ಒಂದು ತೆಂಗಿನಕಾಯಿ ಒಪ್ಪಿಸಬೇಕು, ಆಮೇಲೆ ಅವಳೇ ಬಾಲು ತಂದುಕೊಡುತ್ತಾಳೆ. ಈ ಕಾಯ್ದೆ ಆ ಊರಿನಲ್ಲಿ ನಲವತ್ತು ವರ್ಷದಿಂದ ನಡೆದಿದೆಯಂತೆ. ಒಂದನೇ ಕ್ಲಾಸಿನಿಂದ ಅದೇ ಮೈದಾನದಲ್ಲಿ ಏನೇ ಆಡಿದರೂ ಬಲಗಡೆ ಹೊಡೆದವನು ಔಟ್, ಮೇಲೆ ದಂಡ ತೆಂಗಿನಕಾಯಿ. ಇಡೀ ಊರಿಗೆ ಊರೇ ಎಡಗಡೆ ಹೊಡೆದುಕೊಂಡು ದೊಡ್ಡದಾಗಿದೆ. ನನಗೆ ಮಾತ್ರ ಯಾರೂ ಹೇಳಿಲ್ಲ!

ಸರಿ, ರೋಗ ಗೊತ್ತಾಯಿತಲ್ಲ ಎಂದುಕೊಂಡೆ. ಮಾರನೇ ದಿನವೇ ಪ್ಲೇಟನ್ನು ಕಿತ್ತು, ಬನ ಬೆನ್ನ ಹಿಂದೆ ಬರುವ ಹಾಗೆ ತಿರುಗಿಸಿ ನೆಟ್ಟೆ. ಈಗ ಬಲಗಡೆ ಬರೀ ದನ ಮೇಯುವ ಬ್ಯಾಣ, ಹುಲ್ಲು ಬಿಟ್ಟರೆ ಏನೂ ಇಲ್ಲ. ಹನ್ನೊಂದು ಹುಡುಗಿಯರು ಅರ್ಧ ಗಂಟೆಯಲ್ಲಿ ಬಲಗಡೆ ಹೊಡೆಯಲು ಕಲಿತರು. ಒಂದು ದನಕ್ಕೂ ತಾಗಿಸಿದರು. ಬಿಂದುಶ್ರೀ ಮಾತ್ರ ಮತ್ತೆ ಎಡಕ್ಕೆ ಎಳೆದಳು. ಹತ್ತು ಬಾಲು, ಇಪ್ಪತ್ತು ಬಾಲು, ಮೂವತ್ತು ಬಾಲು.

"ನಿನ್ನ ತಲೇಲಿ ಎಂತ ಇದೆಯೇ, ಸಗಣಿನಾ?" ಎಂದು ಕಿರುಚಿದೆ. "ಈಗ ಯಾವ ಚೌಡಿ ಅಡ್ಡ ಕೂತಿದಾಳೆ ಅಲ್ಲಿ? ನಿಂಗೋಸ್ಕರ ನಿದ್ದೆ ಬಿಟ್ಟು ಸಾಯ್ತಿದೀನಿ, ಕೋಣನ ಮುಂದೆ ಕಿನ್ನರಿ ಬಾರಿಸ್ದಂಗೆ!"

ಅವಳು ಬ್ಯಾಟು ಕೆಳಗಿಟ್ಟು ಶಾಲೆಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಉಳಿದವರನ್ನೆಲ್ಲ ಮನೆಗೆ ಕಳಿಸಿ ನಾನೂ ಹೋಗಿ ಸ್ವಲ್ಪ ದೂರದಲ್ಲಿ ಕೂತೆ. ಕಾಲ ಬೆರಳಿನಿಂದ ಮಣ್ಣು ಕೆರೆಯುತ್ತಾ ಹೇಳಿದಳು.

"ಎರಡನೇ ಕ್ಲಾಸಲ್ಲಿ ನಾನು ಒಂದ್ ಸಲ ಹೊಡ್ದಿದ್ದೆ ಸಾರ್, ಬಲಗಡೆಗೆ. ಪ್ಲಾಸ್ಟಿಕ್ ಬಾಲು. ಬನದೊಳಗೆ ಹೋಯ್ತು. ಯಾರೂ ನೋಡಿರ್ಲಿಲ್ಲ. ಕಾಯಿ ಕೇಳಿದ್ರೆ ಅವ್ವ ಬೈತಾಳೆ ಅಂತ ಸುಮ್ನಾದೆ."

"ಆಮೇಲೆ?"

"ಮಾರನೇ ದಿನ ಅಪ್ಪ ಅಡಕೆ ಮರದಿಂದ ಬಿದ್ದ. ಚೌಡಿಗೆ ಯಾರೋ ಎಂತದೋ ಮಾಡಿದಾರೆ, ಅದಕ್ಕೇ ಹಿಂಗಾಗಿದೆ ಅಂತ ಮೂಕಮ್ಮ ಹೇಳಿದ್ಲು. ಅಪ್ಪನೂ ಹೌದು ಅಂದ. ಕಾಲು ಸರಿ ಆಗ್ಲೇ ಇಲ್ಲ." ಮೂಗು ಒರೆಸಿಕೊಂಡಳು. "ಔಟ್‌ಸೈಡ್ ಬಾಲು ಬಂದ್ ಕೂಡ್ಲೆ ಕೈ ತಂತಾನೇ ಎಡಕ್ಕೆ ಹೋಗತ್ತೆ ಸಾರ್. ಹೊಡೆದ್ರೆ ಈ ಸಲ ಪೂರ್ತಿ ಸತ್ತೇ ಹೋಗ್ತಾನೆ ಅನ್ಸತ್ತೆ."

ಏಳು ವರ್ಷ. ಏಳು ವರ್ಷ ಈ ಮಗು ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ತಿರುಗಿದೆ, ನಾನು ಅದಕ್ಕೆ ಸಗಣಿ ಎಂದೆ. ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. "ಚೌಡಿಗೆ ಬೇರೆ ಕೆಲಸ ಇಲ್ವೇನೇ, ಪ್ಲಾಸ್ಟಿಕ್ ಬಾಲಿಗೆಲ್ಲ ಮನುಷ್ಯರನ್ನ ಬೀಳಿಸ್ತಾ ಕೂರೋಕೆ?" ಎಂದೆ. ಅವಳು ಎದ್ದು ಮನೆ ಕಡೆ ಹೊರಟಳು. ರಸ್ತೆಯಲ್ಲಿ ನಿಂಗಪ್ಪ ಹಾರ್ನ್ ಹೊಡೆಯುತ್ತಿದ್ದ, ಅವತ್ತು ಬಸ್ಸು ಹತ್ತು ನಿಮಿಷ ತಡ.

ಮರುದಿನ ಅವಳಪ್ಪ ಹುಲಿಯಪ್ಪನನ್ನು ಹುಡುಕಿಕೊಂಡು ಹೋದೆ. ಒಂದು ಕಾಲದಲ್ಲಿ ದಿನಕ್ಕೆ ನೂರು ಮರ ಹತ್ತಿ ಅಡಕೆ ಕೊನೆ ಇಳಿಸುತ್ತಿದ್ದ ಆಳು. ಈಗ ಕುಂಟುತ್ತಾ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತೂಗುತ್ತಾನೆ. ಪಕ್ಕಕ್ಕೆ ಕರೆದು, ಮಗಳು ಹೇಳಿದ್ದನ್ನೆಲ್ಲ ಹೇಳಿದೆ. ಅವನ ಮುಖ ಸುಣ್ಣ ಬಳಿದಂತಾಯಿತು.

"ಅವ್ಳು ಹಂಗಂದ್ಲಾ? ತನ್ನಿಂದ ಆಗಿದ್ದು ಅಂದ್ಲಾ?"

"ಅಂದ್ಲು. ನೀನು ಬಂದು ಒಂದು ಮಾತು ಹೇಳು ಮಾರಾಯ. ಹಂಗೇನಿಲ್ಲ, ನಾನೇ ಜಾರಿ ಬಿದ್ದೆ ಅಂತ."

ಹುಲಿಯಪ್ಪ ತಕ್ಕಡಿ ಕಡೆ ನೋಡಿದ, ಅಕ್ಕಿ ಮೂಟೆ ಕಡೆ ನೋಡಿದ, ನನ್ನ ಕಡೆ ಮಾತ್ರ ನೋಡಲಿಲ್ಲ. "ದೇವ್ರ ವಿಷ್ಯ ಸಾರ್. ನಾವು ವರ್ಷಾ ವರ್ಷಾ ಚೌಡಿಗೆ ಒಂದು ಕೋಳಿ ಕೊಡ್ತಾ ಬಂದೀವಿ. ಈ ಸಲ ಇನ್ನೊಂದು ಜಾಸ್ತಿ ಕೊಡ್ತೀನಿ. ಸರಿ ಹೋಗ್ಬೋದು."

"ಥೂ ನಿನ್ನ ಕೋಳಿಗಿಷ್ಟು!" ಎಂದು ಬೈದು ಬಂದೆ. ಹಿಂದಿನಿಂದ ಸಾಲಿನಲ್ಲಿದ್ದವರು ಕೂಗಾಡುವುದು ಕೇಳಿಸಿತು. ಐದು ಕೆ.ಜಿ. ಕೊಡಬೇಕಾದ ಕಡೆ ಅವನು ಏಳು ಕೆ.ಜಿ. ತೂಗಿ ಕೊಟ್ಟಿದ್ದನಂತೆ.

ತೀರ್ಥಹಳ್ಳಿಯ ಸೆಲೆಕ್ಷನ್ ಭಾನುವಾರ. ರಜೆ ಹಾಕಿ, ಬೆಳಿಗ್ಗೆಯ ಮೊದಲ ಬಸ್ಸಿನಲ್ಲಿ ಬಿಂದುವನ್ನು ಕರೆದುಕೊಂಡು ಹೋದೆ. ಮನೆಯವರು ಯಾರೂ ಬರಲಿಲ್ಲ. ದಾರಿಯುದ್ದಕ್ಕೂ ಅವಳು ಬ್ಯಾಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಮೂರು ವಾರದಲ್ಲಿ ಒಂದೇ ಒಂದು ಔಟ್‌ಸೈಡ್ ಬಾಲನ್ನೂ ಅವಳು ಬಲಗಡೆಗೆ ಹೊಡೆದಿರಲಿಲ್ಲ. ಆದರೂ ಹೊರಟಿದ್ದೆವು.

ಮೈದಾನದ ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದಾಚೆ ಅಪ್ಪಂದಿರು, ಅವ್ವಂದಿರು, ಬೇರೆ ಶಾಲೆಗಳ ಮೇಷ್ಟ್ರುಗಳು, ಒಬ್ಬ ಚುರುಮುರಿಯವನು. ಆಯ್ಕೆಗಾರರು ಮೇಜಿನ ಮುಂದೆ ಪೆನ್ನು ಹಿಡಿದು ಕೂತಿದ್ದರು. ಬಿಂದುವಿನ ಸರದಿ ಬಂತು. ಮೊದಲ ಎರಡು ಬಾಲು ಮೈಗೆ ಹತ್ತಿರ. ಎರಡನ್ನೂ ಎಡಕ್ಕೆ ಗುಂಡು ಹೊಡೆದ ಹಾಗೆ ಕಳಿಸಿದಳು. ಮೂರನೆಯದು ಔಟ್‌ಸೈಡ್, ಗಾಳಿ. ನಾಲ್ಕನೆಯದು ಔಟ್‌ಸೈಡ್, ಗಾಳಿ. ಐದನೆಯದು ಬ್ಯಾಟಿನ ತುದಿಗೆ ತಾಗಿ ಎಡಕ್ಕೆ ಉರುಳಿ ಪಿಚರ್ ಹುಡುಗಿಯ ಕಾಲ ಬಳಿ ನಿಂತಿತು. ಆರನೆಯದು ಮತ್ತೆ ಗಾಳಿ. ಆಯ್ಕೆಗಾರರು ಪೆನ್ನಿನ ಕ್ಯಾಪ್ ಹಾಕಿದರು.

"ಕಾಯೇ! ಕಾಯೇ ನನ್ನಮ್ಮಾ!" ಎಂದು ನಾನು ಗಂಟಲು ಹರಿದುಕೊಂಡೆ.

ಆಗ ಬಲಗಡೆಯ ಹಗ್ಗದ ಹತ್ತಿರ ಗಲಾಟೆಯಾಯಿತು. ಯಾರೋ ಜನರನ್ನು ತಳ್ಳಿಕೊಂಡು ಮುಂದೆ ಬರುತ್ತಿದ್ದ. ನೋಡಿದರೆ ಹುಲಿಯಪ್ಪ! ನಮ್ಮ ಹಿಂದೆ ಬರುವ ಬಸ್ಸಿಗೆ ಬಂದು, ಬಸ್‌ಸ್ಟ್ಯಾಂಡಿನಿಂದ ಆ ಕಾಲಿನಲ್ಲೇ ಓಡಿದ್ದಾನೆ, ಅಂಗಿಯೆಲ್ಲ ಬೆವರು. ಅವನ ಹಿಂದೆ ಹೆಂಡತಿ ದುರ್ಗಮ್ಮ, ಎಂತದು ಏನು ಎಂದು ಗೊತ್ತಾಗದೆ ಚೀಲ ಹಿಡಿದುಕೊಂಡು ಬಂದಿದ್ದಾಳೆ.

"ಬಿಂದೂ!" ಎಂದು ಕೂಗಿದ. "ಚೌಡಿ ಅಲ್ಲ ಕಣೇ! ಅವತ್ತು ನಾನು ಕುಡಿದಿದ್ದೆ!"

ಚುರುಮುರಿಯವನೂ ಕಲಸುವುದನ್ನು ನಿಲ್ಲಿಸಿದ.

"ಬೆಳಿಗ್ಗೆ ಬೆಳಿಗ್ಗೇನೇ ಕುಡ್ಕೊಂಡು ಮರ ಹತ್ತಿದ್ದೆ! ಕಣ್ಣು ಮಂಜಾಯ್ತು, ಬಿದ್ದೆ! ಕುಡಿಯಲ್ಲ ಅಂತ ನಿಮ್ಮವ್ವಂಗೆ ನಿನ್ ತಲೆ ಮುಟ್ಟಿ ಆಣೆ ಮಾಡಿದ್ನಲ್ಲ, ಹೇಳಕ್ಕೆ ಬಾಯಿ ಬರ್ಲಿಲ್ಲ! ಮೂಕಮ್ಮ ಚೌಡಿ ಅಂದ್ಲು, ನಾನು ಹೂಂ ಅಂದೆ! ನಿಂದೇನೂ ತಪ್ಪಿಲ್ಲ ಮಗಾ, ಬೇಕಾದ್ ಕಡೆ ಹೊಡಿ!"

ದುರ್ಗಮ್ಮನ ಕೈಯಿಂದ ಚೀಲ ಬಿತ್ತು. "ಏಳು ಕೋಳಿ," ಎಂದಳು ಅವಳು, ಯಾರಿಗೂ ಅಲ್ಲ, ತನಗೆ ತಾನೇ. "ಏಳು ಕೋಳಿ ಕೊಯ್ಸಿದ್ನಲ್ಲ ನನ್ ಕೈಲಿ."

ನಾನು ಬಿಂದುವಿನ ಮುಖ ನೋಡಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಕಿವಿಯವರೆಗೂ ಕೆಂಪಗಾಗಿ ಅಪ್ಪನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಎರಡು ಕೈಗೂ ಮಣ್ಣು ಉಜ್ಜಿಕೊಂಡು ಬ್ಯಾಟೆತ್ತಿ ನಿಂತಳು.

ಏಳನೇ ಬಾಲು ಔಟ್‌ಸೈಡ್. ಕಾದಳು. ಅಯ್ಯೋ ತಡವಾಯಿತಲ್ಲ ಎಂದು ನನಗೇ ಅನ್ನಿಸುವಷ್ಟು ಕಾದು, ಬಾರಿಸಿದಳು. ಬಾಲು ನೆಲಕ್ಕೆ ಮೊಳ ಎತ್ತರದಲ್ಲಿ ಬಲಗಡೆಗೆ, ನೆಟ್ಟಗೆ ಹುಲಿಯಪ್ಪ ನಿಂತ ಕಡೆಗೇ ಹೋಯಿತು. ಅವನು ಹಾರಿ ಪಕ್ಕಕ್ಕೆ ಬಿದ್ದ.

"ಹಂಗೇ! ಹಂಗೇ ಕಣೇ!" ನಾನು ಕುಣಿದೆ.

ಎಂಟನೆಯದೂ ಔಟ್‌ಸೈಡ್. ಅದೂ ಅವನ ಕಡೆಗೇ. ಎದ್ದು ಕುಂಟುತ್ತಾ ನಾಲ್ಕು ಮಾರು ಸರಿದ. ಒಂಬತ್ತನೆಯದು ಆ ನಾಲ್ಕು ಮಾರನ್ನೂ ಲೆಕ್ಕ ಹಾಕಿ ಹೋಯಿತು. ಗಣಿತದಲ್ಲಿ ಹದಿನೈದು ದಾಟದವಳು! ಅಕ್ಕಪಕ್ಕದ ಜನ ಹುಲಿಯಪ್ಪನನ್ನು ಬಿಟ್ಟು ದೂರ ಸರಿದು ಜಾಗ ಮಾಡಿದರು. ದುರ್ಗಮ್ಮ ಎಲ್ಲರಿಗಿಂತ ಮೊದಲು ಸರಿದಿದ್ದಳು. "ಹೊಡಿ ಮಗಾ," ಎಂದಳು. "ಇನ್ನೂ ಸ್ವಲ್ಪ ಮ್ಯಾಲಕ್ಕೆ ಹೊಡಿ." ಆಯ್ಕೆಗಾರರು ಪೆನ್ನಿನ ಕ್ಯಾಪ್ ತೆಗೆದರು.

ಹತ್ತನೆಯದಕ್ಕೆ ಹುಲಿಯಪ್ಪ ಓಡಲಿಲ್ಲ. ಹಗ್ಗದ ಹತ್ತಿರ ಬಂದು, ಕೈ ಇಳಿಬಿಟ್ಟು ನಿಂತ. ಬಾಲು ಒಂದು ಸಲ ಪುಟಿದು ಅವನ ಎದೆಗೆ ಬಡಿಯಿತು. ಧಡ್ ಎಂದದ್ದು ಇತ್ತ ನನಗೆ ಕೇಳಿಸಿತು. ಅವನು ಎರಡೂ ಕೈಯಿಂದ ಅದನ್ನು ಅಪ್ಪಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟ.

ಬಿಂದು ಬ್ಯಾಟು ಬಿಸಾಕಿದಳು. "ಏಳು ವರ್ಷ ನಾನೇ ಬೀಳಿಸ್ದೆ ಅನ್ಕೊಂಡಿದ್ನಲ್ಲೋ ಅಪ್ಪಾ!" ಎಂದು ಇಡೀ ಮೈದಾನಕ್ಕೆ ಕೇಳುವ ಹಾಗೆ ಕಿರುಚಿ, ಆಗ ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಆಯ್ಕೆಗಾರರು ಅವಳನ್ನು ಮೇಜಿನ ಹತ್ತಿರ ಕರೆದರು. ಎದುರಿಗಿದ್ದ ಪಟ್ಟಿಯ ಮೇಲೆ 'ಜಿಲ್ಲಾ ತಂಡ' ಎಂದು ಬರೆದಿದ್ದು ನನಗೆ ತಲೆಕೆಳಗಾಗಿ ಕಾಣಿಸಿತು.

"ಹೆಸರು?"

"ಬಿಂದುಶ್ರೀ," ಬಿಕ್ಕುತ್ತಾ ಹೇಳಿದಳು.

"ತಂದೆ ಹೆಸರು?"

ಅವಳು ಬಲಗಡೆಗೆ ತಿರುಗಿ ನೋಡಿದಳು. ಹುಲಿಯಪ್ಪ ಇನ್ನೂ ಬಾಲು ಅಪ್ಪಿಕೊಂಡು ನೆಲದ ಮೇಲೆಯೇ ಕೂತಿದ್ದ. ಆಯ್ಕೆಗಾರರು ಪೆನ್ನು ಹಿಡಿದು ಕಾದರು, ನಾನು ಕಾದೆ. ಅವಳು ಸಮವಸ್ತ್ರದ ತೋಳಿನಿಂದ ಮೂಗು ಒರೆಸಿಕೊಂಡಳು.

"ಹುಲಿಯಪ್ಪ," ಎಂದಳು. "ಬರ್ಕೊಳ್ಳಿ ಸಾರ್. ಎಂತ ಮಾಡೋದು, ಅವ್ನೇ ನಮ್ಮಪ್ಪ."